ಹೊಟ್ಟೆ ಪೀಸಿನ ಲೆಕ್ಕವೇ ಬೇರೆ

ನಮ್ಮೂರ ಕೆರೆಯನ್ನು ಗುತ್ತಿಗೆಗೆ ಹಿಡಿದ ಮೊದಲ ವರ್ಷ ನಾನು ಹಾಕಿದ ಲೆಕ್ಕ ಸುಲಭದ್ದು. ಬೇಸಿಗೆ ಬಿಗಿದರೆ ಮಂಡ್ಯ ಸೀಮೆಯ ಸಣ್ಣ ಕೆರೆಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ತಳ ಕಾಣುತ್ತವೆ. ಎಲ್ಲರ ಮೀನೂ ಒಟ್ಟಿಗೆ ಸಂತೆಗೆ ಬಂದು ರೇಟು ನೆಲ ಕಚ್ಚುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಂಗುಡೆ, ಬೂತಾಯಿ ಬರುವುದು ಕಡಿಮೆಯಾದಾಗ ಮೈಸೂರಿನಲ್ಲಿ ಕಾಟ್ಲಾ, ರೋಹುವನ್ನು ಕೇಳುವವರು ಹೆಚ್ಚುತ್ತಾರೆ. ಅಲ್ಲಿವರೆಗೆ ತಡೆದರೆ ಆಯಿತಲ್ಲ ಎಂದುಕೊಂಡು ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್ ಒಂದನ್ನು ತಂದು ಜಗಲಿ ಕೋಣೆಯಲ್ಲಿ ಕೂರಿಸಿದೆ.

ಮೀನು ಉಜ್ಜಿ ಕೊಯ್ಯಲು ಬಂದಿದ್ದವರು ಪಕ್ಕದೂರಿನ ಬೆಸ್ತರ ಅಜ್ಜಿ. ನಾನು ತಲೆ, ಬೆನ್ನು, ಹೊಟ್ಟೆ, ಬಾಲ ಎಲ್ಲವನ್ನೂ ಕವರಿಗೆ ತುಂಬುತ್ತಿದ್ದುದನ್ನು ನೋಡಿ, "ಹೊಟ್ಟೆ ಪೀಸ್ನೂ ಒಳಕ್ ಮಡಗ್ತೀಯೇನ್ಲಾ ಮಗಾ?" ಅಂದರು. ರೇಟು ಇರೋದೇ ಅದಕ್ಕೆ ಕಣಜ್ಜಿ ಅಂದೆ. ಕಾಟ್ಲಾದ ಹೊಟ್ಟೆಯೆಂದರೆ ಬಾಯಲ್ಲಿ ಕರಗುವ ಮಾಂಸ, ಮುಳ್ಳೂ ದಪ್ಪ, ಆರಿಸಿ ತೆಗೆಯುವುದು ಸಲೀಸು. ಜೋಪಾನ ಇರಲಿ ಎಂದು ಅದಕ್ಕೆ ಮಾತ್ರ ಉಪ್ಪು, ಅರಿಶಿನ ಸವರಿದೆ. ಅಜ್ಜಿ ಮತ್ತೆ ಮಾತಾಡಲಿಲ್ಲ.

ಜುಲೈ ಎರಡನೇ ವಾರ ಕವರುಗಳನ್ನು ತೆಗೆದೆ. ಬಾಲದ ತುಂಡುಗಳು ಅಂಚಿನಲ್ಲಿ ಬಿಳಿಚಿ ಒಣಗಿದ್ದವು, ಸಾರಿಗೆ ಹಾಕಿದರೆ ತಿನ್ನಬಹುದಿತ್ತು. ಬೆನ್ನಿನ ತುಂಡು ಕರಗುತ್ತಿದ್ದಂತೆ ತಟ್ಟೆಯಲ್ಲಿ ನೀರು ನಿಂತಿತು, ಬೆಂದ ಮೇಲೆ ಹತ್ತಿಯಂತಾಯಿತು. ತಲೆಗಳ ಕಿವಿರು ಕಂದುಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿತ್ತು. ಹೊಟ್ಟೆ ಪೀಸು? ಅರಿಶಿನದ ಕೆಳಗೆ ಇನ್ನೊಂದು ಹಳದಿ, ತುಕ್ಕಿನ ಬಣ್ಣದ್ದು. ಮೂಗಿನ ಹತ್ತಿರ ತಂದರೆ ಹಳೇ ಎಣ್ಣೆ ಡಬ್ಬದ ವಾಸನೆ. ಹಿತ್ತಲಿಗೆ ಎಸೆದರೆ ನಮ್ಮನೆ ಬೆಕ್ಕು ಮೂಸಿ ನೋಡಿ ಹೊರಟೇ ಹೋಯಿತು. ಇಪ್ಪತ್ತು ಕೆಜಿ ಹೊಟ್ಟೆ ಪೀಸು ತೆಂಗಿನ ಬುಡ ಸೇರಿತು.

ಎಲ್ಲಿ ಎಡವಿದ್ದೆ ಎಂಬುದು ಒಂದೊಂದಾಗಿ ತಿಳಿದದ್ದು ಆಮೇಲೆ. ಹೊಟ್ಟೆಯ ರುಚಿ ಇರುವುದು ಅದರ ಕೊಬ್ಬಿನಲ್ಲಿ, ಕೆಡುವುದೂ ಅದೇ ಕೊಬ್ಬಿನಿಂದ. ಫ್ರೀಜರಿನ ಚಳಿ ಕ್ರಿಮಿಗಳನ್ನು ಕಟ್ಟಿಹಾಕುತ್ತದೆಯೇ ಹೊರತು, ಗಾಳಿ ತಾಗಿ ಕೊಬ್ಬು ಕಮಟುವುದನ್ನು ನಿಲ್ಲಿಸದು, ನಿಧಾನ ಮಾಡಬಲ್ಲದು ಅಷ್ಟೆ. ಕಾಯಲಿ ಎಂದು ನಾನು ಸವರಿದ ಉಪ್ಪು ಆ ಕಮಟನ್ನು ಇನ್ನೂ ಬೇಗ ಕರೆದು ತರುತ್ತದಂತೆ! ಉಪ್ಪಿನಲ್ಲೇ ಹೂತು ಒಣಗಿಸುವುದು ಬೇರೆ ದಾರಿ, ಚಿಟಿಕೆ ಉಪ್ಪು ಸವರಿ ಫ್ರೀಜರಿಗೆ ಹಾಕುವುದು ಬೇರೆ. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಅರ್ಧ ನಷ್ಟ ತಪ್ಪುತ್ತಿತ್ತು.

ಬೆನ್ನಿನ ತುಂಡು ನೀರು ಬಿಟ್ಟದ್ದಕ್ಕೆ ನನ್ನ ಆತುರವೇ ಕಾರಣ. ಅಂಥ ಫ್ರೀಜರ್ ಇರುವುದು ಗಟ್ಟಿಯಾದ ಮಾಲನ್ನು ಗಟ್ಟಿಯಾಗಿಯೇ ಇಡಲು. ಬಿಸಿಲಲ್ಲಿ ಕೊಯ್ದ ಎಂಬತ್ತು ಕೆಜಿಯನ್ನು ಒಂದೇ ರಾತ್ರಿ ತುರುಕಿದರೆ ಅದು ಗಟ್ಟಿಯಾಗಲು ಒಂದೂವರೆ ದಿನ ತೆಗೆದುಕೊಳ್ಳುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಮಾಂಸದೊಳಗೆ ಐಸಿನ ಹರಳು ದಪ್ಪಗೆ ಬೆಳೆದು ಎಳೆಗಳನ್ನು ಸೀಳುತ್ತದೆ. ಕರಗಿದಾಗ ರುಚಿಯೆಲ್ಲ ತಟ್ಟೆಯ ನೀರಿಗೆ.

ಎರಡನೇ ವರ್ಷ ಅಜ್ಜಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಈಳಿಗೆಗೆ ಮೀನು ಒಡ್ಡಿ ಹೊಟ್ಟೆ ಸೀಳಿದವರೇ ಮೊದಲು ಕೈ ಹಾಕಿದ್ದು ಪಿತ್ತದ ಚೀಲಕ್ಕೆ. ಒಡೆಯದ ಹಾಗೆ ಬುಡದಲ್ಲಿ ಚಿವುಟಿ ದೂರ ಎಸೆದರು. (ಔಷಧಿ ಅಂತ ಅದನ್ನು ಹಸಿಯಾಗಿ ನುಂಗುವವರಿದ್ದಾರೆ. ರೋಹು, ಕಾಟ್ಲಾದ ಪಿತ್ತ ಮೂತ್ರಪಿಂಡವನ್ನೇ ಕೆಡಿಸುತ್ತದೆ, ಬೇಡವೇ ಬೇಡ.) ಆಮೇಲೆ ಬೆನ್ನುಮೂಳೆಯ ಅಡಿಯಲ್ಲಿ ಉದ್ದಕ್ಕೂ ಅಂಟಿಕೊಂಡಿರುವ ಕರೀ ರಕ್ತದ ಗೆರೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದರು. ನಾನು ಹಿಂದಿನ ವರ್ಷ ಅದನ್ನು ಹಾಗೇ ಬಿಟ್ಟಿದ್ದೆ. ತೊಳೆದದ್ದು ತುಂಡು ಮಾಡುವ ಮೊದಲು. ತುಂಡಾದ ಮೇಲೆ ನೀರು ತೋರಿಸಲಿಲ್ಲ.

ವಾಸನೆ ನೋಡಿ ಮೀನು ಆರಿಸುತ್ತೇವೆ ಅನ್ನುವವರಿಗೆ ಒಂದು ಮಾತು. ಸಮುದ್ರದ ಮೀನು ಹಳತಾದರೆ ತಾನೇ ಕೂಗಿ ಹೇಳುತ್ತದೆ, ಆ ಗಾಢ ನಾತ ಹುಟ್ಟಿಸುವ ಸರಕು ಅದರ ಮೈಯಲ್ಲಿದೆ. ಕೆರೆ ಮೀನಿನಲ್ಲಿ ಅದು ಬಲು ಕಡಿಮೆ, ಹಾಗಾಗಿ ನಾತವಿಲ್ಲ ಎಂಬುದೊಂದನ್ನೇ ನಂಬುವಂತಿಲ್ಲ. ಕಿವಿರು ಎತ್ತಿ ನೋಡಬೇಕು. ಇನ್ನು ಕೆಸರು ವಾಸನೆ ಬಂದರೆ ಅದು ಹಳತಾದ ಗುರುತಲ್ಲ, ನೀರಿನ ಪಾಚಿ ಕೊಟ್ಟದ್ದು. ಹುಣಸೆಹುಳಿಗೆ ತಗ್ಗುತ್ತದೆ.

ಈಗ ಹೊಟ್ಟೆ ಪೀಸು ಫ್ರೀಜರ್ ಮುಖ ನೋಡುವುದಿಲ್ಲ. ಕೆಜಿಗೆ ಕೆಜಿ ಐಸ್ ಹಾಕಿ ಕೊಯ್ದ ದಿನವೇ ಮೈಸೂರಿಗೆ ಕಳಿಸುತ್ತೇನೆ. ಅಲ್ಲಿ ನಾಲ್ಕಾರು ಬಂಗಾಳಿ ಮನೆಗಳಿವೆ. ಅವರ ಭಾಷೆಯಲ್ಲಿ ಹೊಟ್ಟೆಗೆ ಪೇಟಿ, ಬೆನ್ನಿಗೆ ಗಾದಾ ಎಂದು ಬೇರೆ ಬೇರೆ ಹೆಸರೇ ಇದೆ. ಕಿವಿರು ಕಿತ್ತ ತಲೆಗಳೂ ಬೇಳೆಗೆ ಹಾಕಲು ಅವರಿಗೇ ಹೋಗುತ್ತವೆ. ಬೆನ್ನು, ಬಾಲ ಮಾತ್ರ ದಿನಕ್ಕೆ ಹತ್ತು ಕೆಜಿಯಂತೆ ಚರ್ಮಸಹಿತ ತೆಳ್ಳಗೆ ಹರಡಿ ಗಟ್ಟಿ ಮಾಡುತ್ತೇನೆ. ಅಷ್ಟು ದಿನ ಉಳಿದ ಮೀನು ಹೊಟ್ಟೆ ಸೀಳಿಸಿಕೊಂಡು ಇಡಿಯಾಗಿ ಐಸ್ ಪೆಟ್ಟಿಗೆಯಲ್ಲಿ ಕಾಯುತ್ತದೆ. ಗಟ್ಟಿಯಾದ ತುಂಡನ್ನು ಐಸ್ ನೀರಿಗೆ ಒಮ್ಮೆ ಅದ್ದಿ ತೆಗೆದರೆ ಗಾಜಿನಂಥ ಪೊರೆ ಕಟ್ಟುತ್ತದೆ, ಗಾಳಿ ತಾಗದು. ಆಮೇಲೆ ಕವರು, ತಾರೀಕು, ಮೈನಸ್ 18 ಡಿಗ್ರಿ.

ಜುಲೈನಲ್ಲಿ ಫೋನ್ ಮಾಡಿ ಹೊಟ್ಟೆ ಪೀಸ್ ಇದೆಯಾ ಅಂತ ಕೇಳುವವರು ಈಗಲೂ ಇದ್ದಾರೆ. ಇಲ್ಲ ಸಾರ್, ಕೆರೆ ಬತ್ತಿದಾಗ ಬನ್ನಿ ಅನ್ನುತ್ತೇನೆ. ಬೇಜಾರು ಮಾಡಿಕೊಂಡು ಫೋನಿಡುತ್ತಾರೆ.