ಮೂರು ದಿನದ ಸೊನ್ನೆ

ಪೈಥಾನಿನಲ್ಲಿ ಲಿಸ್ಟ್ ಕಾಂಪ್ರಿಹೆನ್ಷನ್ ಕಲಿತ ಹೊಸದರಲ್ಲಿ ನನಗೆ ಎಲ್ಲದಕ್ಕೂ ಚೌಕ ಬ್ರ್ಯಾಕೆಟ್ಟೇ ಬೇಕಿತ್ತು. ನಾನಾಗ ಕೆಲಸಕ್ಕಿದ್ದ ಕಡೆ ಸರ್ವರಿನ ಲಾಗ್ ಫೈಲು ದಿನಕ್ಕೆ ಐದಾರು ಜಿಬಿ ಆಗುತ್ತಿತ್ತು. ಸಾಲಿನ ಕೊನೆಯಲ್ಲಿ ಆ ರಿಕ್ವೆಸ್ಟಿಗೆ ಹಿಡಿದ ಸಮಯ. ಅದನ್ನೆಲ್ಲ ಕೂಡಿಸಿ, 2 ಸೆಕೆಂಡಿಗಿಂತ ಹೆಚ್ಚು ಎಳೆದವೆಷ್ಟು ಎಂದು ಎಣಿಸಿ, ಬೆಳಿಗ್ಗೆ ಮೇಲ್ ಕಳಿಸುವ ಸ್ಕ್ರಿಪ್ಟ್ ನನ್ನದು. ಸಾಲುಗಳನ್ನೆಲ್ಲ ಸ್ಪ್ಲಿಟ್ ಮಾಡಿ ಲಿಸ್ಟಿಗೆ ತುಂಬಿದ್ದೆ. ಸಾವಿರ ಸಾಲಿನ ಟೆಸ್ಟ್ ಫೈಲಿನಲ್ಲಿ ಚೆನ್ನಾಗಿಯೇ ಓಡಿತು. ನಿಜವಾದ ಫೈಲು ಕೊಟ್ಟ ರಾತ್ರಿ 8 ಜಿಬಿ ಮೆಮೊರಿಯನ್ನೂ ನುಂಗಿ, ಸ್ಕ್ರೀನಿನ ಮೇಲೆ ‘ಕಿಲ್ಡ್’ ಎಂಬ ಒಂದೇ ಪದ ಬಿಟ್ಟು ಸತ್ತಿತು.

ಪಕ್ಕದ ಸೀಟಿನ ಹಿರಿಯರು ಇಣುಕಿ ನೋಡಿ, “ಕೂಡಿಸೋಕೆ ಎಲ್ಲಾನೂ ಗುಡ್ಡೆ ಹಾಕ್ಕೊಂಡು ಯಾಕ್ರೀ ಕೂತಿದ್ದೀರಾ? ಬ್ರ್ಯಾಕೆಟ್ ಗುಂಡಗೆ ಮಾಡಿ” ಎಂದರು.

ಅಷ್ಟೇ ಮಾಡಿದ್ದು. ಅದಕ್ಕೆ ಜನರೇಟರ್ ಎಕ್ಸ್‌ಪ್ರೆಷನ್ ಎಂಬ ಹೆಸರಿದೆ, ರೇಮಂಡ್ ಹೆಟಿಂಗರ್ ಬರೆದ ಪೆಪ್ 289ರ ಮೂಲಕ 2004ರಲ್ಲಿ ಪೈಥಾನ್ 2.4ಕ್ಕೆ ಬಂದದ್ದು ಎಂಬುದೆಲ್ಲ ಆಮೇಲೆ ತಿಳಿಯಿತು. ಕುತೂಹಲಕ್ಕೆ ಅಳೆದು ನೋಡಿದೆ: ಹತ್ತು ಲಕ್ಷ ಸಂಖ್ಯೆಗಳ ಲಿಸ್ಟು 80 ಲಕ್ಷ ಬೈಟಿಗೂ ಮಿಕ್ಕಿತ್ತು, ಜನರೇಟರು ಇನ್ನೂರರ ಆಸುಪಾಸು. ಕೇಳಿದಾಗ ಒಂದು ಕೊಡುತ್ತದೆ, ಕೊಟ್ಟದ್ದನ್ನು ಇಟ್ಟುಕೊಳ್ಳುವುದಿಲ್ಲ.

ಇಟ್ಟುಕೊಳ್ಳುವುದಿಲ್ಲ ಎಂಬುದೇ ನನಗೆ ತಲೆಗೆ ಹೋಗಿರಲಿಲ್ಲ. ಸ್ಕ್ರಿಪ್ಟ್ ಸಲೀಸಾಗಿ ಓಡಿತು, ಮೇಲ್ ಹೋಯಿತು. ನಿಧಾನವಾದ ರಿಕ್ವೆಸ್ಟುಗಳು: 0. ಮರುದಿನವೂ 0. ಮ್ಯಾನೇಜರ್ ಎಲ್ಲರಿಗೂ ಶಹಬ್ಬಾಸ್ ಎಂದು ಉತ್ತರಿಸಿದರು. ಮೂರನೆಯ ದಿನ ಸಪೋರ್ಟ್‌ನವರೊಬ್ಬರು, “ನಿನ್ನೆ ಸಂಜೆ ಅರ್ಧ ಗಂಟೆ ಸೈಟು ತೆವಳ್ತಾ ಇತ್ತಲ್ಲ ಸರ್, ಸೊನ್ನೆ ಹೆಂಗೆ?” ಎಂದು ಕೇಳಿದಾಗ ನನಗೆ ಬೆವರು.

ಒಂದೇ ಜನರೇಟರನ್ನು ಮೊದಲು ಕೂಡಿಸಲು ಕೊಟ್ಟು, ಮುಂದಿನ ಸಾಲಿನಲ್ಲಿ ಅದನ್ನೇ ಎಣಿಸಲು ಕೊಟ್ಟಿದ್ದೆ. ಬಡಿಸುವವನು ಒಂದು ಸುತ್ತು ಬಂದು ಬಕೆಟ್ ಖಾಲಿ ಮಾಡಿ ಹೋದ ಮೇಲೆ ಎಲೆ ಹಾಕಿಕೊಂಡು ಕೂತಂತೆ. ಎರರ್ ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ಎಣಿಸಲೂ ನಾನು ಬಳಸಿದ್ದ ‘ಸಮ್’ಗೆ ಖಾಲಿ ಕೊಟ್ಟರೆ ಸೊನ್ನೆ ಎಂದು ತಣ್ಣಗೆ ಹೇಳುತ್ತದೆ. ‘ಮ್ಯಾಕ್ಸ್’ ಕೇಳಿದ್ದರೆ ವ್ಯಾಲ್ಯೂ ಎರರ್ ಎಂದು ಕೂಗಿಕೊಳ್ಳುತ್ತಿತ್ತು. ‘ಆಲ್’ ಅಂತೂ ಖಾಲಿಗೂ ‘ಟ್ರೂ’ ಎಂದು ತಲೆಯಾಡಿಸುವ ಜಾತಿ. ಮೆಮೊರಿ ತಿಂದು ಸತ್ತ ಮೊದಲ ಸ್ಕ್ರಿಪ್ಟೇ ಪ್ರಾಮಾಣಿಕ ಅನ್ನಿಸಿತು.

ಕೊನೆಗೆ ಒಂದು ಸಾದಾ ‘ಫಾರ್’ ಲೂಪ್ ಹಾಕಿ ಕೂಡಿಸುವುದನ್ನೂ ಎಣಿಸುವುದನ್ನೂ ಒಂದೇ ಸುತ್ತಿನಲ್ಲಿ ಮುಗಿಸಿದೆ. ತಪ್ಪು ವರದಿ ಕಳಿಸಿದ್ದಕ್ಕೆ ಕ್ಷಮೆ ಕೇಳಿ ಇನ್ನೊಂದು ಮೇಲ್ ಬರೆದೆ. ಅದಕ್ಕೆ ಯಾರೂ ಶಹಬ್ಬಾಸ್ ಎನ್ನಲಿಲ್ಲ. ಆಮೇಲೂ ಒಮ್ಮೆ, ‘ವಿತ್’ ಒಳಗೆ ಫೈಲು ತೆರೆದು ಜನರೇಟರನ್ನು ಹೊರಗೆ ಕಳಿಸಿದ್ದೆ; ಅದು ಓದಲು ಹೊರಡುವಷ್ಟರಲ್ಲಿ ಫೈಲು ಮುಚ್ಚಿಹೋಗಿತ್ತು. ಅಲ್ಲಿ ಎರರ್ ಬಂತು, ಪುಣ್ಯ.

ಈ ನಡುವೆ ಗುಂಡು ಬ್ರ್ಯಾಕೆಟ್ಟಿನ ಮೋಹ ಹತ್ತಿ, ಸ್ಟ್ರಿಂಗ್ ‘ಜಾಯಿನ್’ ಮಾಡುವಲ್ಲೂ ಅದನ್ನೇ ಬರೆದಿದ್ದೆ. ಹಿರಿಯರು ರಿವ್ಯೂನಲ್ಲಿ ಅದನ್ನು ಮತ್ತೆ ಚೌಕ ಮಾಡಿಸಿದರು. ಜಾಯಿನ್ ಹೇಗೂ ಒಳಗೊಂದು ಲಿಸ್ಟ್ ಮಾಡಿಕೊಂಡೇ ಜೋಡಿಸುತ್ತದಂತೆ. ನಾವೇ ಲಿಸ್ಟ್ ಕೊಟ್ಟರೆ ಅದಕ್ಕೆ ಸಲೀಸು.

“ಎಲ್ಲಾ ಕಡೆ ಗುಂಡಗೆ ಮಾಡಿ ಅಂದಿದ್ನೇನ್ರೀ ನಾನು?” ಎಂದು ನಕ್ಕರು.