ಬಣ್ಣಕ್ಕೆ ಮೊದಲು ನೆಲದಡಿಯ ಲೆಕ್ಕ

ಈ ಅಂಕಣ ಬರೆಯುವವನ ಮನೆಯವರು ಯಲ್ಲಾಪುರದ ಕಡೆಯ ಊರಮನೆಯಲ್ಲಿ ಜಗುಲಿ, ನಡುಮನೆ ಸೇರಿ 400 ಚದರ ಅಡಿಯ ಹಳೆಯ ಗಾರೆ ನೆಲ ಒಡೆಸಿದರು. ಬೇಕಿದ್ದದ್ದು ಆಸಿಡ್ ಸ್ಟೇನಿನ ಕಂದು ಬಣ್ಣ. ದುಡ್ಡು ಹೋದದ್ದು ಮಾತ್ರ ಕಣ್ಣಿಗೆ ಕಾಣದ ಕೆಲಸಕ್ಕೆ: ಜಲ್ಲಿ, ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹೊಸ ಕಾಂಕ್ರೀಟ್. ಚದರ ಅಡಿಗೆ 150ರಂತೆ 60,000 ರೂಪಾಯಿ. ನೆಂಟರಿಗೆ ಅದು ದುಂದು ಎನಿಸಿತು.

ಲೆಕ್ಕ ಬೇರೆಯೇ ಹೇಳುತ್ತದೆ. ಸ್ಟೇನು ಸಿಮೆಂಟಿನ ಸುಣ್ಣದ ಜೊತೆ ಬೆರೆತು ಬಣ್ಣವಾಗುತ್ತದೆ, ಅದು ಏಳುವುದಿಲ್ಲ. ಏಳುವುದು ಮೇಲೆ ಹಚ್ಚುವ ಸೀಲರ್. ಘಟ್ಟದ ಮೇಲಿನ ಮಳೆಗೆ ನೆಲದಡಿಯಿಂದ ತೇವ ಏರಿತೆಂದರೆ ಸೀಲರ್ ಬಿಳುಚಿ ಹಕ್ಕಳೆಯಾಗುತ್ತದೆ. ಹಳೆಯದನ್ನು ಉಜ್ಜಿ ತೆಗೆಯಲು ಚದರ ಅಡಿಗೆ 25, ಮತ್ತೆ ಹಚ್ಚಲು 20, ಒಟ್ಟು 18,000. ಪ್ರತಿ ಮಳೆಗಾಲದ ನಂತರ ಹೀಗಾದರೆ ನಾಲ್ಕು ವರ್ಷಕ್ಕೆ 72,000. ಅಡಿಪಾಯ ಒಣಗಿದ್ದರೆ ಮೂರು ವರ್ಷಕ್ಕೊಮ್ಮೆ ಹಚ್ಚುವ ಖರ್ಚು 8,000 ಮಾತ್ರ. ಉಳಿತಾಯ 64,000. ನಾಲ್ಕನೇ ವರ್ಷಕ್ಕೆ ಆ 60,000 ವಾಪಸು ಬಂತು.

'ಜೀವಮಾನ ಗ್ಯಾರಂಟಿ' ಎಂದು ಮಾರುವ ಹೊಳಪಿನ ಸೀಲರ್‌ಗಳನ್ನು ನಂಬಲೇಬಾರದು. ಕೆಳಗಿನ ತೇವಕ್ಕೆ ಯಾರೂ ಗ್ಯಾರಂಟಿ ಬರೆದುಕೊಡುವುದಿಲ್ಲ. ಪತ್ರದ ಸಣ್ಣ ಅಕ್ಷರ ಓದಿ.

ತೇವದ ಪರೀಕ್ಷೆಗೆ ಕಾಸು ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ಕಿನ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ಬೆವರು ಕಂಡರೆ ಬಣ್ಣದ ಮಾತು ಆಮೇಲೆ. ಇದನ್ನು ಆಷಾಢದಲ್ಲೇ ಮಾಡಬೇಕು, ಏಪ್ರಿಲ್‌ನಲ್ಲಿ ಎಲ್ಲ ನೆಲವೂ ಒಣಗಿಯೇ ಕಾಣುತ್ತದೆ. ನೆಲಕ್ಕೆ ಹಾಕಿದ ನೀರಿನ ಹನಿಯೂ ಇಂಗದೆ ನಿಂತರೆ ಸ್ಟೇನೂ ಇಳಿಯುವುದಿಲ್ಲ. ಕರಣೆಯಿಂದ ನುಣುಪಾಗಿ ತೀಡಿ ಮೇಣ ಉಜ್ಜಿದ ಹಳೆಯ ರೆಡ್ ಆಕ್ಸೈಡ್ ನೆಲಗಳ ಕತೆ ಇದೇ. ಅಂಥ ನೆಲ ಗಟ್ಟಿಯಿದ್ದರೆ ಒಡೆಯಬೇಡಿ, ಅದರಷ್ಟು ಚೆಂದದ ನೆಲ ಇನ್ನೊಂದಿಲ್ಲ.

ಶಿರಸಿ, ಸಿದ್ದಾಪುರದ ಬಹಳ ಮನೆಗಳಲ್ಲಿ ನೆಲದ ಕೆಲಸ ಚಾಲಿ ಅಡಕೆ ಮಾರಿದ ಮೇಲೆ, ಮುಂಜಿ-ಮದುವೆಯ ದಿನ ಗೊತ್ತಾದ ಮೇಲೆ ಶುರುವಾಗುತ್ತದೆ. ಅವಸರದಲ್ಲಿ ಕೈಯಲ್ಲಿದ್ದ ದುಡ್ಡೆಲ್ಲ ನೆಂಟರ ಕಣ್ಣಿಗೆ ಬೀಳುವ ಹೊಳಪಿಗೆ ಹೋಗುತ್ತದೆ. ಈ ರೂಢಿ ಬಿಡಬೇಕು. ಹೊಸ ಕಾಂಕ್ರೀಟ್ 28 ದಿನ ಹದವಾಗಬೇಕು. ಸ್ಟೇನು ಹಾಕಿ, ಅಡುಗೆ ಸೋಡಾದ ನೀರಲ್ಲಿ ಆಸಿಡ್ ತೊಳೆದು, ಒಣಗಿಸಿ ಸೀಲರ್ ಹಚ್ಚಲು ಮತ್ತೊಂದು ವಾರ. ಜೂನ್ ಮಳೆಗೆ ಮುಂಚೆ ಮುಗಿಯಬೇಕಾದರೆ ಕಾಂಕ್ರೀಟ್ ಏಪ್ರಿಲ್ ಮಧ್ಯದೊಳಗೆ ಬೀಳಬೇಕು. ಅದಕ್ಕೆ ಬೇಕಾದ 60,000ವನ್ನು ಹಿಂದಿನ ವರ್ಷದ ಅಡಕೆ ಹಣದಲ್ಲೇ ಎತ್ತಿಟ್ಟು, ಮೇಸ್ತ್ರಿಗೆ ದೀಪಾವಳಿಗೇ ಹೇಳಿಡಿ.