ಪರಭಾಷೆಯ 'ನಾನು' ಮತ್ತು ಕನ್ನಡದ 'ನೀನು': ಸಂಬೋಧನೆಯ ನೆಲೆಯಿಂದ ಆತ್ಮಪ್ರಜ್ಞೆಯ ವಿವೇಚನೆ

೧. ಪ್ರಸ್ತಾವನೆ

ಹುಟ್ಟಿ ಬೆಳೆದ ಪರಿಸರದ ನುಡಿಯನ್ನು ಬಿಟ್ಟು ಬೇರೊಂದು ನುಡಿಯಲ್ಲಿ ಮಾತನಾಡತೊಡಗಿದಾಗ ವ್ಯಕ್ತಿಯ ಆತ್ಮಪ್ರಜ್ಞೆಯಲ್ಲಿ ಏನಾಗುತ್ತದೆ ಎಂಬುದು ಭಾಷಾವಿಜ್ಞಾನ, ಮನೋವಿಜ್ಞಾನ ಮತ್ತು ಸಾಹಿತ್ಯ ವಿಮರ್ಶೆಗಳು ಸಂಧಿಸುವ ಎಡೆಯಲ್ಲಿ ಏಳುವ ಪ್ರಶ್ನೆ. ಕನ್ನಡದ ಸಾಂಸ್ಕೃತಿಕ ಚರ್ಚೆಗಳಲ್ಲಿ ಇದಕ್ಕೆ ಬಹುಮಟ್ಟಿಗೆ ಒಂದು ಸಿದ್ಧ ಉತ್ತರವಿದೆ. ವ್ಯಕ್ತಿಯ ನಿಜವಾದ 'ಸ್ವ' ತಾಯ್ನುಡಿಯಲ್ಲಿ ನೆಲೆಸಿರುತ್ತದೆ, ಪರಭಾಷೆ ಅದರ ಮೇಲೆ ತೊಡಿಸಿದ ವೇಷ ಎಂಬುದೇ ಆ ಉತ್ತರ. ಇದರ ಭಾವನಾತ್ಮಕ ಬಲ ದೊಡ್ಡದು. ಆದರೆ ವಿಶ್ಲೇಷಣೆಯ ದೃಷ್ಟಿಯಿಂದ ಇದು ಪ್ರಶ್ನೆಯನ್ನು ಬಿಡಿಸುವುದಕ್ಕಿಂತ ಹೆಚ್ಚಾಗಿ ಮುಚ್ಚಿಬಿಡುತ್ತದೆ.

ಭಾಷೆ ಬದಲಾದಾಗ ತಾವೂ ಬದಲಾಗುತ್ತೇವೆ ಎಂಬ ಅನುಭವ ವ್ಯಾಪಕವಾದದ್ದು. ಆನೆಟಾ ಪವ್ಲೆಂಕೊ ಮತ್ತು ಜಾನ್-ಮಾರ್ಕ್ ದೆವೇಲ್ ೨೦೦೧ರಿಂದ ೨೦೦೩ರವರೆಗೆ ಬಹುಭಾಷಿಕರಿಂದ ಉತ್ತರಗಳನ್ನು ಸಂಗ್ರಹಿಸಿದರು. ಬೇರೆ ಬೇರೆ ಭಾಷೆಗಳನ್ನು ಬಳಸುವಾಗ ಬೇರೆ ವ್ಯಕ್ತಿಯಾದಂತೆ ಅನ್ನಿಸುತ್ತದೆಯೇ ಎಂಬ ಪ್ರಶ್ನೆಗೆ, ೨೦೦೬ರಲ್ಲಿ ಪವ್ಲೆಂಕೊ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ೧೦೩೯ ಜನರಲ್ಲಿ ಶೇಕಡಾ ೬೫ರಷ್ಟು ಮಂದಿ ಹೌದೆಂದಿದ್ದರು. ಅನುಭವ ಇದೆ ಎಂಬುದು ಇದರಿಂದ ಖಚಿತವಾಗುತ್ತದೆ. ಆದರೆ ಬದಲಾಗುವುದು ಏನು ಎಂಬುದು ಹಾಗೆಯೇ ಉಳಿಯುತ್ತದೆ. ಪರಭಾಷೆಯಲ್ಲಿ ಮೊದಲು ಪಲ್ಲಟಗೊಳ್ಳುವುದು 'ನಾನು' ಅಲ್ಲ, 'ನೀನು'. ಕೇಳುವವರೊಡನೆ ಏರ್ಪಡುವ ಸಂಬಂಧ ಬದಲಾಗುವುದರಿಂದಲೇ ಹೇಳುವವರ ಆತ್ಮಪ್ರಜ್ಞೆ ಬದಲಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನವು ಪ್ರತಿಪಾದಿಸುತ್ತದೆ.

೨. ಸರ್ವನಾಮಗಳ ನೆಲೆ

ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ತ್ ೧೯೫೮ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಮನುಷ್ಯನು ಕರ್ತೃವಾಗಿ ರೂಪುಗೊಳ್ಳುವುದು ಭಾಷೆಯ ಒಳಗೆ ಎಂದು ವಾದಿಸಿದನು. ಆತನ ಪ್ರಕಾರ ಉತ್ತಮ ಪುರುಷವು ಮಧ್ಯಮ ಪುರುಷವಿಲ್ಲದೆ ನಿಲ್ಲಲಾರದು. ಯಾರನ್ನಾದರೂ 'ನೀನು' ಎಂದು ಕರೆದಾಗ ಮಾತ್ರ 'ನಾನು' ಎಂಬ ಪದಕ್ಕೆ ಅರ್ಥ ಬರುತ್ತದೆ. ಮುಂದೆ ೧೯೬೦ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಯುರೋಪಿನ ಭಾಷೆಗಳ ಮಧ್ಯಮ ಪುರುಷ ಸರ್ವನಾಮಗಳನ್ನು ಅಭ್ಯಸಿಸಿ, ಅವು ಅಧಿಕಾರ ಮತ್ತು ಆತ್ಮೀಯತೆ ಎಂಬ ಎರಡು ಅಕ್ಷಗಳ ಮೇಲೆ ಹಂಚಿಕೆಯಾಗಿರುವುದನ್ನು ತೋರಿಸಿದರು.

ಈ ಎರಡು ವಿಚಾರಗಳನ್ನು ಕನ್ನಡಕ್ಕೆ ಅನ್ವಯಿಸಿ ನೋಡಬಹುದು. ಇಂದಿನ ಕನ್ನಡದ 'ನಾನು' ಹೆಚ್ಚುಕಡಿಮೆ ನಿರ್ಗುಣವಾದದ್ದು. ಅದನ್ನು ಆಡುವವರ ಲಿಂಗ, ಜಾತಿ, ವಯಸ್ಸು, ಅಂತಸ್ತು ಯಾವುದೂ ಆ ಪದದಲ್ಲಿ ಕಾಣುವುದಿಲ್ಲ. ಮಧ್ಯಮ ಪುರುಷದ ಸಂಗತಿ ಹಾಗಲ್ಲ. 'ನೀನು', 'ನೀವು', 'ತಾವು' ಎಂಬ ರೂಪಗಳು, 'ಬಾ', 'ಬನ್ನಿ', 'ಬರಬೇಕು' ಎಂಬ ಕ್ರಿಯಾರೂಪಗಳು, 'ಅಣ್ಣ', 'ಅಕ್ಕ', 'ಒಡೆಯ', 'ಬುದ್ಧಿ' ಮುಂತಾದ ಸಂಬೋಧನೆಗಳು ಆಡುವವರೂ ಕೇಳುವವರೂ ಎಲ್ಲಿ ನಿಂತಿದ್ದಾರೆ ಎಂಬುದನ್ನು ಪ್ರತಿ ವಾಕ್ಯದಲ್ಲೂ ಗುರುತಿಸುತ್ತವೆ. ಅನೇಕ ಮನೆಗಳಲ್ಲಿ ತಾಯಿಗೆ 'ನೀನು', ತಂದೆಗೆ 'ನೀವು' ಸಲ್ಲುತ್ತದೆ. ಅಲ್ಲಿ ಏಕವಚನ ಸಲಿಗೆಯ ಗುರುತು. ಅದೇ ಏಕವಚನ ಜಮೀನಿನಲ್ಲಿ ದುಡಿಯುವ ವೃದ್ಧನಿಗೆ ಒಡೆಯನ ಮನೆಯ ಹುಡುಗನಿಂದ ಸಂದಾಗ ಅಧಿಕಾರದ ಗುರುತು. ಕನ್ನಡದಲ್ಲಿ ವ್ಯಕ್ತಿಯು ತಾನು ಯಾರೆಂಬುದನ್ನು 'ನಾನು' ಎನ್ನುವಾಗ ತಿಳಿಯುವುದಕ್ಕಿಂತ, ಯಾರಿಗೆ ಏನೆಂದು ಕರೆಯಬೇಕು, ತನ್ನನ್ನು ಯಾರು ಏನೆಂದು ಕರೆಯುತ್ತಾರೆ ಎಂಬುದರಿಂದಲೇ ಹೆಚ್ಚಾಗಿ ತಿಳಿಯುವುದು.

ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ 'ದೌ' ಎಂಬ ಏಕವಚನ ರೂಪವಿತ್ತು. ಅದು ಶಿಷ್ಟ ಬಳಕೆಯಿಂದ ಮರೆಯಾಗಿ, ಮೂಲತಃ ಬಹುವಚನವಾಗಿದ್ದ 'ಯು' ಒಂದೇ ಉಳಿಯಿತು. ಆದ್ದರಿಂದ ಕನ್ನಡಿಗರು ಇಂಗ್ಲಿಷಿಗೆ ಹೊರಳಿದಾಗ ಕಳೆದುಕೊಳ್ಳುವುದು ಬರಿಯ ಪದಗಳನ್ನಲ್ಲ. ಪ್ರತಿ ವಾಕ್ಯದಲ್ಲೂ ಸಂಬಂಧವನ್ನು ನಿರ್ಧರಿಸಬೇಕಾದ ವ್ಯಾಕರಣದ ಒತ್ತಾಯವೇ ಅಲ್ಲಿ ಸಡಿಲಗೊಳ್ಳುತ್ತದೆ. ಈ ಸಡಿಲಿಕೆ ಕೆಲವೊಮ್ಮೆ ಬಿಡುಗಡೆಯಾಗಿ, ಕೆಲವೊಮ್ಮೆ ಅನಾಥಪ್ರಜ್ಞೆಯಾಗಿ ಅನುಭವಕ್ಕೆ ಬರುತ್ತದೆ.

೩. ಪ್ರಯೋಗಗಳ ಸಾಕ್ಷ್ಯ

ಮನೋವಿಜ್ಞಾನದ ಕೆಲವು ಪ್ರಯೋಗಗಳನ್ನು ಈ ಬೆಳಕಿನಲ್ಲಿ ಮರುಓದಬಹುದು. ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ೨೦೦೩ರಲ್ಲಿ, ಟರ್ಕಿಷ್ ಮಾತೃಭಾಷೆಯಾಗಿದ್ದು ಮುಂದೆ ಇಂಗ್ಲಿಷ್ ಕಲಿತವರ ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆದರು. ಭಾವೋದ್ರೇಕವಾದಾಗ ಬೆವರಿನ ಕಾರಣ ಈ ವಾಹಕತೆ ಹೆಚ್ಚುತ್ತದೆ. ಎರಡು ಭಾಷೆಗಳ ನಡುವಿನ ಅಂತರ ಎದ್ದು ಕಂಡದ್ದು ಬಾಲ್ಯದಲ್ಲಿ ಹಿರಿಯರು ಗದರಿಸುವಾಗ ಬಳಸುವ ಮಾತುಗಳಲ್ಲಿ. ಟರ್ಕಿಷ್ ಗದರಿಕೆಗೆ ಮೈ ಸ್ಪಂದಿಸಿದಷ್ಟು ಇಂಗ್ಲಿಷ್ ಗದರಿಕೆಗೆ ಸ್ಪಂದಿಸಲಿಲ್ಲ. ಇದನ್ನು ಮಾತೃಭಾಷೆಯ ಭಾವಶಕ್ತಿಗೆ ನಿದರ್ಶನವೆಂದು ಓದುವುದು ರೂಢಿ. ಆದರೆ ಗದರಿಕೆಯ ಮಾತು ಯಾವ ಬಗೆಯದು ಎಂಬುದು ಇಲ್ಲಿ ಗಮನಾರ್ಹ. ಅದು ಮಗು ತನ್ನ ಬಗ್ಗೆ ಆಡಿಕೊಂಡ ಮಾತಲ್ಲ, ಮಗುವನ್ನು ಉದ್ದೇಶಿಸಿ ಇನ್ನೊಬ್ಬರು ಆಡಿದ ಮಾತು. ಅಂದರೆ ಮೈಯಲ್ಲಿ ಅಚ್ಚೊತ್ತಿರುವುದು ತನ್ನನ್ನು ಕರೆದ ದನಿ.

ಆಲ್ಬರ್ಟ್ ಕೋಸ್ಟಾ ಮತ್ತು ಸಂಗಡಿಗರು ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೈತಿಕ ಸಂದಿಗ್ಧವೊಂದನ್ನು ಒಡ್ಡಲಾಗಿತ್ತು. ಸೇತುವೆಯ ಮೇಲಿರುವ ಒಬ್ಬನನ್ನು ತಳ್ಳಿ ಕೆಳಗಿನ ಐವರನ್ನು ಉಳಿಸುವುದು ಸರಿಯೇ ಎಂಬುದು ಪ್ರಶ್ನೆ. ಅದನ್ನು ಪರಭಾಷೆಯಲ್ಲಿ ಓದಿದವರು ತಳ್ಳುವ ಆಯ್ಕೆಗೆ ಹೆಚ್ಚಾಗಿ ಒಪ್ಪಿದರು. ಪರಭಾಷೆಯಲ್ಲಿ ಆಡುವವರ ಮೌಲ್ಯಗಳೇ ಬದಲಾಗುತ್ತವೆ ಎಂದು ಇದರಿಂದ ತೀರ್ಮಾನಿಸುವುದು ಅವಸರವಾಗುತ್ತದೆ. 'ಹಾಗೆ ಮಾಡಬೇಡ' ಎಂದು ಬಾಲ್ಯದಿಂದ ಹೇಳುತ್ತ ಬಂದ ದನಿಗಳು ಆ ಭಾಷೆಯಲ್ಲಿ ಕ್ಷೀಣವಾಗಿ ಕೇಳಿಸುತ್ತವೆ ಎಂಬ ವಿವರಣೆ ಹ್ಯಾರಿಸ್ ಅವರ ಪ್ರಯೋಗದೊಡನೆ ಹೆಚ್ಚು ಹೊಂದುತ್ತದೆ.

೪. ಮೂವರು ಲೇಖಕರ ನಿದರ್ಶನ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಈ ವಿಷಯಕ್ಕೆ ಸದಾ ಉಲ್ಲೇಖವಾಗುವ ಪ್ರಸಂಗ ಕುವೆಂಪು ಅವರದು. ೧೯೨೨ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆಯನ್ನು ಪ್ರಕಟಿಸಿದ್ದ ಅವರಿಗೆ, ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಮ್ಮ ನುಡಿಯಲ್ಲಿ ಬರೆಯುವಂತೆ ಸೂಚಿಸಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ 'ಮರಳಿ ಮನೆಗೆ' ಎಂಬ ಮಾದರಿಯಲ್ಲಿ ವಿವರಿಸಲಾಗುತ್ತದೆ. ಆದರೆ ಕುವೆಂಪು ಕಾವ್ಯದ ಕನ್ನಡ ಅವರ ಮನೆಯ ಕನ್ನಡವಲ್ಲ. 'ಶ್ರೀ ರಾಮಾಯಣ ದರ್ಶನಂ' ಕೃತಿಯ ಭಾಷೆ ಸಂಸ್ಕೃತ ಮತ್ತು ಹಳಗನ್ನಡಗಳ ಅಧ್ಯಯನದಿಂದ ಗಳಿಸಿದ್ದು. ಮಲೆನಾಡಿನ ಆಡುನುಡಿ ಮತ್ತು ಅಲ್ಲಿನ ಒಡೆಯ–ಆಳು ಸಂಬಂಧದ ಸಂಬೋಧನೆಗಳು ತುಂಬಿ ಬರುವುದು ಕಾದಂಬರಿಗಳಲ್ಲಿ. ಹೀಗಾಗಿ ಕಸಿನ್ಸ್ ಸೂಚನೆಯಿಂದ ಕುವೆಂಪು ಅವರಿಗೆ ದೊರೆತದ್ದು ಮೊದಲೇ ಸಿದ್ಧವಾಗಿದ್ದ 'ಸ್ವ' ಎನ್ನುವುದಕ್ಕಿಂತ, ಯಾರನ್ನು ಉದ್ದೇಶಿಸಿ ಬರೆಯಬೇಕು ಎಂಬುದಕ್ಕೆ ಉತ್ತರ ಎನ್ನುವುದು ಹೆಚ್ಚು ಸೂಕ್ತ. ಇಂಗ್ಲಿಷ್ ಕವನಗಳಿಗೆ ಎದುರಿನಲ್ಲಿ ಕುಳಿತ ಕೇಳುಗನಿರಲಿಲ್ಲ, ಕನ್ನಡದಲ್ಲಿ ಅವನಿದ್ದನು.

ಗಿರೀಶ ಕಾರ್ನಾಡರ ಪ್ರಸಂಗವು ತಾಯ್ನುಡಿಯ ವಾದವನ್ನು ಇನ್ನೊಂದು ದಿಕ್ಕಿನಿಂದ ಪರೀಕ್ಷೆಗೆ ಒಡ್ಡುತ್ತದೆ. ಇಂಗ್ಲಿಷ್ ಕವಿಯಾಗಬೇಕೆಂದು ಹಂಬಲಿಸಿದ್ದ ಅವರು ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ 'ಯಯಾತಿ'ಯನ್ನು ಬರೆದರು. ಅದು ೧೯೬೧ರಲ್ಲಿ ಪ್ರಕಟವಾಯಿತು. ಮಗನ ವಿದೇಶ ಪ್ರಯಾಣದ ಸುತ್ತ ಮನೆಯಲ್ಲಿ ಹುಟ್ಟಿದ್ದ ಬಿಗುವಿಗೂ, ತಂದೆಗಾಗಿ ಮಗ ಯೌವನವನ್ನು ತೆರುವ ಕಥೆಗೂ ಇರುವ ನಂಟನ್ನು ಅವರೇ ಮುಂದೆ ಗುರುತಿಸಿದ್ದಾರೆ. ಈ ಬಿಕ್ಕಟ್ಟು ಹಂಬಲದ ಭಾಷೆಯಾದ ಇಂಗ್ಲಿಷಿನಲ್ಲಿ ಬರಲಿಲ್ಲ. ಆದರೆ ಮನೆಮಾತಾದ ಕೊಂಕಣಿಯಲ್ಲಿಯೂ ಬರಲಿಲ್ಲ. ಅದು ಬಂದದ್ದು ಶಿರಸಿಯ ಬಾಲ್ಯದಲ್ಲಿ ಕಂಡ ಯಕ್ಷಗಾನ, ಕಂಪನಿ ನಾಟಕಗಳ ಭಾಷೆಯಾದ ಕನ್ನಡದಲ್ಲಿ. ತಂದೆ–ಮಗನ ಸಂಘರ್ಷವನ್ನು ಸಭೆಯ ಮುಂದೆ ಆಡಿ ತೋರಿಸುವುದನ್ನು ಅವರು ಕಂಡಿದ್ದು ಆ ನುಡಿಯಲ್ಲಿಯೇ. ಇಲ್ಲಿ ನಿರ್ಣಾಯಕವಾದದ್ದು ಹುಟ್ಟಿನ ಭಾಷೆಯಲ್ಲ, ಸಭೆಯ ಭಾಷೆ.

ಎ.ಕೆ. ರಾಮಾನುಜನ್ ಅವರಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟ. ಮೈಸೂರಿನ ಮನೆಯ ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷ್, ಕೆಳಗೆ ತಾಯಿಯೊಡನೆ ತಮಿಳು, ಹೊರಗೆ ಬೀದಿಯಲ್ಲಿ ಕನ್ನಡ ಎಂದು ಅವರು ತಮ್ಮ ಬಾಲ್ಯದ ಭಾಷಾ ವಿನ್ಯಾಸವನ್ನು ವಿವರಿಸಿದ್ದಾರೆ. ಇದು ಮೂರು ವ್ಯಕ್ತಿತ್ವಗಳ ಪಟ್ಟಿಯಲ್ಲ, ಮೂರು ಬಗೆಯ ಕೇಳುಗರ ಪಟ್ಟಿ. ೧೯೫೯ರಲ್ಲಿ ಅಮೆರಿಕಕ್ಕೆ ತೆರಳಿದ ಮೇಲೂ ಅವರು 'ಹೊಕ್ಕುಳಲ್ಲಿ ಹೂವಿಲ್ಲ' (೧೯೬೯) ಮೊದಲಾದ ಕನ್ನಡ ಕೃತಿಗಳನ್ನು ಪ್ರಕಟಿಸುತ್ತ ಬಂದರು. ೧೯೭೮ರ ಕಾದಂಬರಿಯ 'ಮತ್ತೊಬ್ಬನ ಆತ್ಮಚರಿತ್ರೆ' ಎಂಬ ಹೆಸರು, ಆತ್ಮಕ್ಕೆ ತನ್ನ ಚರಿತ್ರೆಯನ್ನು ಹೇಳಲೂ ಮತ್ತೊಬ್ಬನು ಬೇಕಾಗುವ ಸ್ಥಿತಿಯನ್ನು ಸೂಚಿಸುತ್ತದೆ. ೧೯೭೩ರ ವಚನಗಳ ಇಂಗ್ಲಿಷ್ ಅನುವಾದದಲ್ಲಿ ಅವರು ಎದುರಿಸಿದ ತೊಡಕೂ ಸಂಬೋಧನೆಯದೇ. ವಚನಕಾರರು ದೇವರನ್ನು ಏಕವಚನದಲ್ಲಿ ಕರೆಯುವಾಗಿನ ಸಲಿಗೆ 'ಯು' ಎಂಬುದರಲ್ಲಿ ಉಳಿಯಲಾರದು. ರಾಮಾನುಜನ್ ಅಂಕಿತಗಳನ್ನು ಹೆಸರಾಗಿ ಉಳಿಸದೆ ಅವುಗಳ ಅರ್ಥವನ್ನು ಬಿಡಿಸಿ ಅನುವಾದಿಸಿದರು. ಕನ್ನಡದಲ್ಲಿ ಕೂಗಿ ಕರೆಯುವ ಹೆಸರಾದ 'ಕೂಡಲಸಂಗಮದೇವ' ಇಂಗ್ಲಿಷಿನಲ್ಲಿ ನದಿಗಳ ಸಂಗಮದ ಒಡೆಯನೆಂಬ ವರ್ಣನೆಯಾಯಿತು. ಕರೆಯುವವನ ಸ್ವರೂಪವೂ ಅಷ್ಟರಮಟ್ಟಿಗೆ ಬದಲಾಯಿತು.

೫. ಬಿಡುಗಡೆಯ ಇನ್ನೊಂದು ಮುಖ

ಈವರೆಗಿನ ವಿವೇಚನೆಯಿಂದ ಪರಭಾಷೆ ಎಂದರೆ ಕೊರತೆ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಯಾರಿಗೆ ತಾಯ್ನುಡಿಯ 'ನೀನು' ಪ್ರೀತಿಯಾಗಿ ಒದಗಿದೆಯೋ ಅವರಿಗೆ ಅದರ ಅಗಲಿಕೆ ನಷ್ಟ. ಯಾರಿಗೆ ಅದು ಅವಮಾನವಾಗಿ ಒದಗಿದೆಯೋ ಅವರಿಗೆ ಅದೇ ಅಗಲಿಕೆ ಬಿಡುಗಡೆ. ಅಂಬೇಡ್ಕರ್ ಅವರ ಬರವಣಿಗೆಯ ಭಾಷಾ ಹಂಚಿಕೆ ಇಲ್ಲಿ ಮುಖ್ಯವಾದ ಸಾಕ್ಷ್ಯ. 'ಮೂಕನಾಯಕ' (೧೯೨೦), 'ಬಹಿಷ್ಕೃತ ಭಾರತ' (೧೯೨೭) ಪತ್ರಿಕೆಗಳ ಮೂಲಕ ಅವರು ತಮ್ಮ ಜನರನ್ನು ಮರಾಠಿಯಲ್ಲಿ ಉದ್ದೇಶಿಸಿದರು. ಬಾಲ್ಯದಿಂದ ಅನುಭವಿಸಿದ ಅಸ್ಪೃಶ್ಯತೆಯ ಪ್ರಸಂಗಗಳನ್ನು ದಾಖಲಿಸುವ 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನವನ್ನು ಬರೆದದ್ದು ಇಂಗ್ಲಿಷಿನಲ್ಲಿ, ವಿದೇಶೀಯ ಓದುಗರನ್ನು ಉದ್ದೇಶಿಸಿ. ಆ ಅವಮಾನಗಳು ಸಂಭವಿಸಿದ್ದು ದೇಶೀ ನುಡಿಗಳಲ್ಲಿ. ಅವನ್ನು ಶಾಂತವಾಗಿ, ಸಾಕ್ಷಿಯ ದನಿಯಲ್ಲಿ ನಿರೂಪಿಸಲು ಬೇಕಾದ ದೂರವನ್ನು ಪರಭಾಷೆ ಒದಗಿಸಿತು ಎಂದು ಹೇಳಬಹುದು. ೨೦೧೦ರಲ್ಲಿ ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ ಅವರ ಪ್ರೇರಣೆಯಿಂದ ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ 'ಇಂಗ್ಲಿಷ್ ದೇವಿ'ಯ ಗುಡಿಗೆ ಅಡಿಗಲ್ಲು ಹಾಕಿದ್ದರ ಹಿಂದೆಯೂ ಇಂತಹ ಬಿಡುಗಡೆಯ ಆಶಯವಿತ್ತು.

ಆದರೂ ಈ ಬಿಡುಗಡೆ ವ್ಯಾಕರಣದಷ್ಟು ಸರಳವಲ್ಲ. 'ಯು' ಒಂದೇ ಆಗಿದ್ದರೂ ಉಚ್ಚಾರಣೆ, ಶಾಲೆ, ನಗರ, ವರ್ಗಗಳ ಶ್ರೇಣಿಯನ್ನು ಭಾರತದ ಇಂಗ್ಲಿಷ್ ತನ್ನದೇ ರೀತಿಯಲ್ಲಿ ಕಟ್ಟಿಕೊಂಡಿದೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿನಿ ಇಂಗ್ಲಿಷ್ ತರಗತಿಯಲ್ಲಿ ಮೌನವಾದಾಗ ಆಕೆಗೆ ವಿಚಾರಗಳಿಲ್ಲವೆಂದು ಭಾವಿಸಲಾಗುತ್ತದೆ. ಆಕೆಗೆ ಕೊರತೆಯಾಗಿರುವುದು ಆಲಿಸುವ 'ನೀವು'. ಆ ಮೌನವನ್ನು ವ್ಯಕ್ತಿತ್ವದ ದೋಷವೆಂದು ಓದುವುದು ಬೋಧನೆಯ ದೃಷ್ಟಿಯಿಂದಲೂ ನ್ಯಾಯದ ದೃಷ್ಟಿಯಿಂದಲೂ ತಪ್ಪು. ಇದೇ ಮಾತು ಕನ್ನಡ ತರಗತಿಗೂ ಅನ್ವಯಿಸುತ್ತದೆ. ತುಳು, ಕೊಡವ, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿಗೆ ಶಾಲೆಯ ಕನ್ನಡವೇ ಎರಡನೆಯ ನುಡಿ. ತಾಯ್ನುಡಿಯಲ್ಲಿ ಮಾತ್ರ 'ಸ್ವ' ಇದೆ ಎಂಬ ವಾದವನ್ನು ಕನ್ನಡದ ಪರವಾಗಿ ಮಂಡಿಸುವವರು, ಈ ಮಕ್ಕಳ ವಿಷಯದಲ್ಲಿ ಅದು ಕನ್ನಡಕ್ಕೇ ಪ್ರತಿಕೂಲವಾಗುವುದನ್ನು ಗಮನಿಸಬೇಕಾಗಿದೆ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಪರಭಾಷೆಯಲ್ಲಿ ಆಗುವ ಆತ್ಮಪ್ರಜ್ಞೆಯ ಪಲ್ಲಟವನ್ನು ನಿಜ–ಸುಳ್ಳು, ಮುಖ–ಮುಖವಾಡ ಎಂಬ ಜೋಡಿಗಳಿಂದ ವಿವರಿಸಲಾಗದು. ಅದು ಆಡುವವರು ಮತ್ತು ಕೇಳುವವರ ನಡುವಿನ ಸಂಬಂಧದ ಮರುಹಂಚಿಕೆ. ಎರಡು, ಲೇಖಕರು ಯಾವ ಭಾಷೆಯನ್ನು ಆಯ್ದುಕೊಂಡರು ಎಂಬ ಪ್ರಶ್ನೆಯನ್ನು, ಆ ಭಾಷೆಯಲ್ಲಿ ಅವರಿಗೆ ಯಾವ ಕೇಳುಗರು ದೊರೆತರು ಎಂಬ ಪ್ರಶ್ನೆಯೊಡನೆ ಸೇರಿಸಿಯೇ ಕೇಳಬೇಕು. ಮೂರು, ಪರಭಾಷೆಯು ನೀಡುವ ದೂರ ಎಲ್ಲರಿಗೂ ಒಂದೇ ಬೆಲೆಯದಲ್ಲ. ತಾಯ್ನುಡಿಯಲ್ಲಿ ಅವರನ್ನು ಹೇಗೆ ಕರೆಯಲಾಗಿತ್ತು ಎಂಬುದರ ಮೇಲೆ ಅದು ನಿಂತಿದೆ.

ಕನ್ನಡದ ಆತ್ಮಕಥೆಗಳನ್ನೂ ಕಾದಂಬರಿಗಳನ್ನೂ ಸಂಬೋಧನೆಯ ರೂಪಗಳ ದೃಷ್ಟಿಯಿಂದ ಕ್ರಮಬದ್ಧವಾಗಿ ಅಭ್ಯಸಿಸುವ ಅಗತ್ಯವಿದೆ. ಯಾರು ಯಾರಿಗೆ 'ನೀನು' ಎನ್ನುತ್ತಾರೆ, ಯಾವ ಗಳಿಗೆಯಲ್ಲಿ ಅದು 'ನೀವು' ಆಗುತ್ತದೆ, ಯಾವಾಗ ಪಾತ್ರವೊಂದು ಇಂಗ್ಲಿಷಿಗೆ ಹೊರಳಿ ಈ ಆಯ್ಕೆಯಿಂದಲೇ ತಪ್ಪಿಸಿಕೊಳ್ಳುತ್ತದೆ ಎಂಬ ವಿವರಗಳು ಸಾಹಿತ್ಯದ ಓದಿಗೂ ಸಮಾಜದ ಅರಿವಿಗೂ ನೆರವಾಗಬಲ್ಲವು. ಕನ್ನಡವನ್ನು ಉಳಿಸುವ ಮಾತನ್ನಾಡುವಾಗ, ಅದರ 'ನೀನು' ಎಲ್ಲರ ಕಿವಿಗೂ ಸಲಿಗೆಯಾಗಿ ಕೇಳಿಸುವಂತೆ ಮಾಡುವ ಹೊಣೆಯನ್ನೂ ಜೊತೆಗೇ ಹೊರಬೇಕಾಗುತ್ತದೆ.